ಸಂಗೀತ ಸಂಜೆಗಳ ಪ್ರಚಾರ: ಅಂತರ್ಜಾಲ ವಿಡಿಯೊದ ಬಳಕೆ ಮತ್ತು ಎಚ್ಚರಿಕೆ

ಮಾರಾಟವಾಗದೆ ಉಳಿದ ಬಟ್ಟೆಯನ್ನು ವ್ಯಾಪಾರಿಯು ಮುಂದಿನ ತಿಂಗಳು ರಿಯಾಯಿತಿಯಲ್ಲಾದರೂ ಮಾರಬಹುದು. ಸಂಗೀತ ಸಂಜೆಯ ಖಾಲಿ ಆಸನಕ್ಕೆ ಮರುದಿನ ಬೆಲೆಯಿಲ್ಲ. ಆದುದರಿಂದ ಹೋಟೆಲು, ಕ್ಲಬ್ಬು ಹಾಗೂ ಕಾರ್ಯಕ್ರಮ ಸಂಘಟನೆಯ ಉದ್ಯಮಿಗಳಿಗೆ ಸಕಾಲಿಕ ಪ್ರಚಾರವೇ ಜೀವಾಳ. ಭಿತ್ತಿಪತ್ರವು ದಿನಾಂಕ, ಸ್ಥಳಗಳನ್ನು ತಿಳಿಸುತ್ತದೆ; ಸಭಾಂಗಣದ ಧ್ವನಿ, ಬೆಳಕು, ಜನರ ಉತ್ಸಾಹವನ್ನು ತೋರಿಸಬಲ್ಲದ್ದು ವಿಡಿಯೊ ಮಾತ್ರ.

ಎರಡು ಮಾದರಿಗಳು

ಬೆಲ್ಜಿಯಂನ ಬೋಮ್ ಪಟ್ಟಣದಲ್ಲಿ 2005ರಲ್ಲಿ ಆರಂಭವಾದ ‘ಟುಮಾರೋಲ್ಯಾಂಡ್’ ಉತ್ಸವದ ಸಂಘಟಕರು, ಉತ್ಸವ ಮುಗಿದ ಬಳಿಕ ಅದರ ಕಿರುಚಿತ್ರವನ್ನು ಯೂಟ್ಯೂಬ್‌ನಲ್ಲಿ ಬಿಡುಗಡೆ ಮಾಡುವ ಪದ್ಧತಿಯನ್ನು ಬೆಳೆಸಿದರು. ಅದರಲ್ಲಿ ಕಲಾವಿದರಷ್ಟೇ ಪ್ರಾಧಾನ್ಯ ಪ್ರೇಕ್ಷಕರಿಗೂ ಇರುತ್ತದೆ. ಈ ವರ್ಷದ ಚಿತ್ರಣವೇ ಮುಂದಿನ ವರ್ಷದ ಜಾಹೀರಾತಾಗುತ್ತದೆ. ಇಷ್ಟು ಬಂಡವಾಳವಿಲ್ಲದವರಿಗೆ ಲಂಡನ್ನಿನ ‘ಬಾಯ್ಲರ್ ರೂಮ್’ ಮಾದರಿಯಿದೆ. 2010ರಲ್ಲಿ ಅದು ಒಂದು ವೆಬ್‌ಕ್ಯಾಮೆರಾದಿಂದ ಡಿಜೆಗಳ ಕಾರ್ಯಕ್ರಮವನ್ನು ನೇರಪ್ರಸಾರ ಮಾಡುವ ಮೂಲಕ ಆರಂಭವಾಯಿತು.

ಅನುಸರಿಸಬೇಕಾದ ಕ್ರಮ

ಕಾರ್ಯಕ್ರಮಕ್ಕೆ ಮೊದಲು ಕಲಾವಿದರ ಕಿರು ಆಹ್ವಾನವನ್ನು ಮೊಬೈಲ್ ಪರದೆಗೆ ಹೊಂದುವಂತೆ ಉದ್ದವಾಗಿ ಚಿತ್ರೀಕರಿಸಬೇಕು. ಅನೇಕರು ಧ್ವನಿಯಿಲ್ಲದೆ ನೋಡುವುದರಿಂದ ದಿನಾಂಕ, ಸ್ಥಳ, ದರಗಳು ಅಕ್ಷರಗಳಲ್ಲಿಯೂ ಕಾಣಬೇಕು. ಹಣ ತೆತ್ತು ನೀಡುವ ಜಾಹೀರಾತನ್ನು ಬರಲು ಸಾಧ್ಯವಿರುವ ಊರು ಹಾಗೂ ವಯೋಮಾನದವರಿಗೆ ಸೀಮಿತಗೊಳಿಸಬಹುದು. ಬೆಂಗಳೂರಿನ ಗುರುವಾರ ರಾತ್ರಿಯ ಕಾರ್ಯಕ್ರಮವನ್ನು ಬೀದರಿನವರಿಗೆ ತೋರಿಸಿ ಫಲವಿಲ್ಲ. ವೀಕ್ಷಣೆಗಳ ಸಂಖ್ಯೆ ಮಾರಾಟವಲ್ಲ. ಪ್ರತಿ ವಿಡಿಯೊಗೂ ಪ್ರತ್ಯೇಕ ರಿಯಾಯಿತಿ ಸಂಕೇತ ನೀಡಿದಲ್ಲಿ, ಯಾವುದರಿಂದ ಎಷ್ಟು ಟಿಕೆಟ್ ಹೋಯಿತೆಂಬ ಲೆಕ್ಕ ದೊರೆಯುತ್ತದೆ.

ಹಕ್ಕುಗಳ ವಿಷಯ

ಹೆಚ್ಚಿನ ನಷ್ಟ ಸಂಭವಿಸುವುದು ಇಲ್ಲಿಯೇ. ಸಭಾಂಗಣದಲ್ಲಿ ಹಾಡು ನುಡಿಸಲು ಪಡೆದ ಪರವಾನಗಿಯು ಅದೇ ಹಾಡನ್ನು ವಿಡಿಯೊದಲ್ಲಿ ಅಳವಡಿಸಲು ಸಾಲದು. 1957ರ ಹಕ್ಕುಸ್ವಾಮ್ಯ ಅಧಿನಿಯಮವು ಸಾಹಿತ್ಯ, ಸಂಗೀತ, ಧ್ವನಿಮುದ್ರಣಗಳನ್ನು ಬೇರೆ ಬೇರೆ ಕೃತಿಗಳೆಂದು ಪರಿಗಣಿಸುತ್ತದೆ. ಕಲಾವಿದರಿಗೂ ತಮ್ಮ ಪ್ರದರ್ಶನದ ಮೇಲೆ ಪ್ರತ್ಯೇಕ ಹಕ್ಕಿದೆ. ಯೂಟ್ಯೂಬ್ 2007ರಿಂದ ‘ಕಂಟೆಂಟ್ ಐಡಿ’ ಎಂಬ ವ್ಯವಸ್ಥೆಯ ಮೂಲಕ ಹಾಡುಗಳನ್ನು ತಾನಾಗಿಯೇ ಗುರುತಿಸುತ್ತಿದೆ. ಹಕ್ಕುದಾರರು ಬಯಸಿದಲ್ಲಿ ವಿಡಿಯೊ ತಡೆಹಿಡಿಯಲ್ಪಡುತ್ತದೆ. ಕಾರ್ಯಕ್ರಮದ ವಾರದಲ್ಲಿ ಹೀಗಾದರೆ ಪ್ರಚಾರದ ವೆಚ್ಚವೂ ಹೋಗಿ ಆಸನಗಳೂ ಖಾಲಿ ಉಳಿಯುತ್ತವೆ. ಪ್ರಾಯೋಜಕರು ಮದ್ಯ ತಯಾರಕರಾಗಿದ್ದಲ್ಲಿ, ಪರೋಕ್ಷ ಜಾಹೀರಾತನ್ನು ನಿಷೇಧಿಸುವ 2022ರ ಕೇಂದ್ರ ಮಾರ್ಗಸೂಚಿಗಳನ್ನೂ ಗಮನಿಸಬೇಕು.

ಆದುದರಿಂದ ಕಲಾವಿದರೊಡನೆ ಸಂಭಾವನೆಯ ಕರಾರು ಮಾಡಿಕೊಳ್ಳುವಾಗಲೇ ಚಿತ್ರೀಕರಣ, ಅಂತರ್ಜಾಲ ಪ್ರಸಾರ ಹಾಗೂ ಅದರ ಅವಧಿಯನ್ನು ಲಿಖಿತವಾಗಿ ಸೇರಿಸುವುದು, ಸಂಗೀತದ ಹಕ್ಕುದಾರರಿಂದ ಪ್ರತ್ಯೇಕ ಅನುಮತಿ ಪಡೆಯುವುದು, ಚಿತ್ರೀಕರಣ ನಡೆಯುತ್ತಿದೆ ಎಂಬ ಸೂಚನಾಫಲಕವನ್ನು ಪ್ರವೇಶದ್ವಾರದಲ್ಲಿ ಹಾಕುವುದು ಸೂಕ್ತ. ಕ್ಯಾಮೆರಾ ಬಾಡಿಗೆಗೆ ತರುವ ಮುನ್ನವೇ ಈ ಕಾಗದಪತ್ರಗಳು ಸಿದ್ಧವಿದ್ದರೆ, ಒಂದು ರಾತ್ರಿಯ ಚಿತ್ರೀಕರಣವು ಮುಂದಿನ ಹಲವು ಕಾರ್ಯಕ್ರಮಗಳಿಗೆ ಬಂಡವಾಳವಾಗಬಲ್ಲದು.