ನಿವೃತ್ತರಿಗೂ ಬೇಕು ವಾರಕ್ಕೊಂದು ಹೊಸ ಪಾಠ

ನಿವೃತ್ತರಾದವರಿಗೆ ಬಂಧುಮಿತ್ರರಿಂದ ಪುಕ್ಕಟೆಯಾಗಿ ದೊರೆಯುವ ಸಲಹೆಗಳಲ್ಲಿ ‘ಮಿದುಳಿಗೆ ಕೆಲಸ ಕೊಡಿ’ ಎಂಬುದೂ ಒಂದು. ಹಾಗೆಂದರೇನು ಎಂದು ಕೇಳಿದರೆ, ಪದಬಂಧ ಬಿಡಿಸಿ, ಸುಡೊಕು ಆಡಿ, ಪತ್ರಿಕೆ ಓದಿ ಎಂಬ ಉತ್ತರ ಬರುತ್ತದೆ. ಸಲಹೆ ಸದುದ್ದೇಶದ್ದೇ. ಆದರೆ ಇಪ್ಪತ್ತು ವರ್ಷಗಳಿಂದ ಪ್ರತಿದಿನ ಪದಬಂಧ ಬಿಡಿಸುತ್ತ ಬಂದವರಿಗೆ ಅದು ಹೊಸ ಕೆಲಸವಲ್ಲ, ರೂಢಿ. ರೂಢಿಗೂ ಕಲಿಕೆಗೂ ಮಿದುಳಿನ ಲೆಕ್ಕದಲ್ಲಿ ಅಂತರವಿದೆ.

ಈ ಅಂತರವನ್ನು ಅಳೆಯುವ ಪ್ರಯತ್ನವೊಂದು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಕೇಂದ್ರದಲ್ಲಿ ನಡೆಯಿತು. ಡೆನಿಸ್ ಪಾರ್ಕ್ ಮತ್ತು ಅವರ ಸಹೋದ್ಯೋಗಿಗಳು 60ರಿಂದ 90 ವರ್ಷದೊಳಗಿನ 221 ಮಂದಿಯನ್ನು ಗುಂಪುಗಳಾಗಿ ವಿಂಗಡಿಸಿದರು. ಕೆಲವರಿಗೆ ಡಿಜಿಟಲ್ ಛಾಯಾಗ್ರಹಣ, ಕೆಲವರಿಗೆ ನಮ್ಮ ಕೌದಿಯಂತಹ ಹೊದಿಕೆ ಹೊಲಿಯುವ ಕಲೆ, ಇನ್ನು ಕೆಲವರಿಗೆ ಎರಡನ್ನೂ ಕಲಿಸಲಾಯಿತು. ಮತ್ತೊಂದು ಗುಂಪಿನವರು ಹರಟೆ, ವಿಹಾರಗಳಲ್ಲಿ ಕಾಲ ಕಳೆದರು; ಮಗದೊಂದು ಗುಂಪಿನವರು ಸಂಗೀತ ಕೇಳುವುದು, ಪದಗಳ ಆಟ ಮುಂತಾದ ಸುಲಭ ಕೆಲಸಗಳಲ್ಲಿ ತೊಡಗಿದರು. ವಾರಕ್ಕೆ ಸುಮಾರು 15 ಗಂಟೆಗಳಂತೆ ಮೂರು ತಿಂಗಳು ಇದು ನಡೆಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನೆನಪಿನ ಶಕ್ತಿ ಸುಧಾರಿಸಿದ್ದು ಹೊಸ ವಿದ್ಯೆ ಕಲಿತವರಲ್ಲಿ. ಅದರಲ್ಲಿಯೂ ಕ್ಯಾಮೆರಾ ಮತ್ತು ಕಂಪ್ಯೂಟರಿನೊಡನೆ ಹೆಣಗಿದ ಛಾಯಾಗ್ರಹಣದ ಗುಂಪಿನಲ್ಲಿ ಅದು ಎದ್ದು ಕಂಡಿತು. ಹೆಣಗಾಟವಿಲ್ಲದ ಕೆಲಸ ಮನಸ್ಸಿಗೆ ಹಿತವೆನಿಸಬಹುದು, ಆದರೆ ಅದನ್ನು ಹರಿತಗೊಳಿಸುವುದಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಾನವ ಬಂಡವಾಳದ ಬಗ್ಗೆ 1964ರಲ್ಲಿ ಪುಸ್ತಕ ಬರೆದ ಗ್ಯಾರಿ ಬೆಕರ್ ಅವರ ವಾದದಂತೆ, ಕಲಿಕೆಯೂ ಒಂದು ಹೂಡಿಕೆ. ಪ್ರತಿಫಲ ಪಡೆಯಲು ಹೆಚ್ಚು ವರ್ಷಗಳು ಉಳಿದಿರುವುದರಿಂದ ಯುವಕರು ಹೆಚ್ಚು ಹೂಡುತ್ತಾರೆ. ಹಾಗಿದ್ದರೆ ಅರುವತ್ತೈದರಲ್ಲಿ ಹೊಸ ಲಿಪಿ ಕಲಿಯುವುದು ನಷ್ಟದ ವ್ಯವಹಾರವಲ್ಲವೇ? ಲೆಕ್ಕ ಸರಿ, ಆದರೆ ಅದು ಸಂಬಳವನ್ನು ಮಾತ್ರ ಎಣಿಸುತ್ತದೆ. ಹೊಸ ಹೂಡಿಕೆಯಿಲ್ಲದ ಬಂಡವಾಳ ಸವೆಯುತ್ತದೆ ಎಂಬುದೂ ಅದೇ ಶಾಸ್ತ್ರದ ಪಾಠ. ಕಲಿಕೆಯಿಂದ ಮಿದುಳಿನಲ್ಲಿ ಒಂದು ಮೀಸಲು ನಿಧಿ ಬೆಳೆಯುತ್ತದೆ ಎಂದು ಕೊಲಂಬಿಯಾ ವಿಶ್ವವಿದ್ಯಾಲಯದ ಯಾಕೊವ್ ಸ್ಟರ್ನ್ ಅವರಂಥ ತಜ್ಞರು ಪ್ರತಿಪಾದಿಸಿದ್ದಾರೆ. ರೋಗದಿಂದ ಇಬ್ಬರ ಮಿದುಳಿಗೂ ಸಮಾನ ಹಾನಿಯಾದರೂ ಮೀಸಲು ಹೆಚ್ಚಿದ್ದವರು ಹೆಚ್ಚು ಕಾಲ ನಿಭಾಯಿಸುತ್ತಾರೆ.

ಇದು ಸಣ್ಣ ಲಾಭವಲ್ಲ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ, ಅರುವತ್ತು ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ, ವೈದ್ಯರು ಡಿಮೆನ್ಷಿಯಾ ಎಂದು ಕರೆಯುವ ಮರೆಗುಳಿತನದಿಂದ ಬಳಲುತ್ತಿದ್ದಾರೆ. ಪ್ರತಿಯೊಬ್ಬ ರೋಗಿಯ ಹಿಂದೆ ನಿದ್ದೆಗೆಟ್ಟ ಹೆಂಡತಿಯೋ ಮಗಳೋ ಸೊಸೆಯೋ ಇರುತ್ತಾರೆ. ರೋಗ ಕೆಲವು ವರ್ಷ ಮುಂದೆ ಹೋದರೂ ಒಂದು ಕುಟುಂಬಕ್ಕೆ ಅದು ದೊಡ್ಡ ನೆಮ್ಮದಿ. ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಅವರು ಹೈದರಾಬಾದಿನಲ್ಲಿ 648 ರೋಗಿಗಳ ಮಾಹಿತಿಯನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹ. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲಿಯೂ ಈ ವ್ಯತ್ಯಾಸವಿತ್ತು. ಎಲ್ಲ ಅಧ್ಯಯನಗಳೂ ಹೀಗೇ ಹೇಳುತ್ತವೆ ಎಂದಲ್ಲ. ಕಲಿಕೆ ರೋಗ ತಡೆಯುವ ಲಸಿಕೆಯೂ ಅಲ್ಲ. ಆದರೆ ಖರ್ಚಿಲ್ಲದ ಈ ಹೂಡಿಕೆಯಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ಹಾಗಾದರೆ ಕಲಿಯುವುದು ಏನನ್ನು? ವಾಟ್ಸ್‌ಆ್ಯಪ್‌ನಲ್ಲಿ ಬರುವ ಚೂರುಪಾರು ಮಾಹಿತಿಯನ್ನು ಓದಿ ಮುಂದಕ್ಕೆ ತಳ್ಳುವುದು ಕಲಿಕೆಯಲ್ಲ. ವರ್ಷಕ್ಕೆ 52 ವಿಷಯಗಳ ಬೆನ್ನು ಹತ್ತುವುದೂ ಬೇಡ. ಕಷ್ಟವೆನಿಸುವ ಒಂದು ವಿದ್ಯೆಯನ್ನು ಆರಿಸಿಕೊಂಡು, ವಾರಕ್ಕೊಂದು ಹೊಸ ಪಾಠದಂತೆ ಮುಂದುವರಿಯುವುದು ಲೇಸು. ತೆಲುಗು ಮಾತನಾಡಬಲ್ಲ ಎಷ್ಟೋ ಕನ್ನಡಿಗರಿಗೆ ತೆಲುಗು ಓದಲು ಬಾರದು. ಕನ್ನಡಕ್ಕೆ ತೀರ ಹತ್ತಿರವಾದ ಆ ಲಿಪಿಯ ಪರಿಚಯವನ್ನು ಮೊದಲ ವಾರದಲ್ಲೇ ಮಾಡಿಕೊಳ್ಳಬಹುದು. ಅನಂತರದ ವಾರಗಳು ಪತ್ರಿಕೆಗೆ, ಕತೆಗೆ, ಕಾದಂಬರಿಗೆ. ಬೆಂಗಳೂರಿನಲ್ಲಿ ಬಂದು ನೆಲೆಸಿದ ಅನ್ಯಭಾಷಿಕ ಹಿರಿಯರಿಗೆ ಕನ್ನಡವೇ ಇಂತಹ ಪಾಠವಾಗಬಹುದು.

ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣವನ್ನು 1991ರಲ್ಲಿ ಆರಂಭಿಸಿದಾಗ ಅವರಿಗೆ ಎಂಬತ್ತು ಸಮೀಪಿಸಿತ್ತು. ಯಾವ ಓದುಗ ಯಾವ ಪದದ ಮೂಲವನ್ನು ಕೇಳುತ್ತಾನೋ ಮೊದಲೇ ತಿಳಿಯುವಂತಿರಲಿಲ್ಲ. 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ಅವರ ದೀರ್ಘಾಯುಷ್ಯಕ್ಕೆ ಅಂಕಣವೇ ಕಾರಣವೆನ್ನಲಾಗದು. ಆದರೆ ಇತರರ ಪ್ರಶ್ನೆಗಳಿಗೆ ತಮ್ಮನ್ನು ಒಡ್ಡಿಕೊಂಡ ಅವರ ಕ್ರಮ ಅನುಕರಣೀಯ. ಸರ್ಕಾರಿ ಸೇವೆಯಲ್ಲಿ ಈ ಒಡ್ಡಿಕೊಳ್ಳುವಿಕೆ ವರ್ಗಾವಣೆಯ ರೂಪದಲ್ಲಿ ಒದಗುತ್ತಿತ್ತು. ಇಲಾಖೆ ಬದಲಾದಾಗಲೆಲ್ಲ ನನ್ನಂಥವರು ಹೊಸ ಕಾಯ್ದೆ, ಹೊಸ ಪರಿಭಾಷೆ, ಹೊಸ ಲೆಕ್ಕಗಳನ್ನು ಮೊದಲಿನಿಂದ ಕಲಿಯಬೇಕಾಗುತ್ತಿತ್ತು, ಗೊಣಗುತ್ತಲೇ ಕಲಿಯುತ್ತಿದ್ದೆವು. ನಿವೃತ್ತರಿಗೆ ಅಂತಹ ಆದೇಶ ಹೊರಡಿಸುವವರಿಲ್ಲ. ಅದನ್ನು ಅವರೇ ಹೊರಡಿಸಿಕೊಳ್ಳಬೇಕು.

ಕಲಿಯಲು ಕಿವಿ ಕೇಳಬೇಕು, ಕಣ್ಣು ಕಾಣಬೇಕು. ಮರೆಗುಳಿತನಕ್ಕೆ ಕಾರಣವಾಗುವ, ಆದರೆ ಬದಲಿಸಲು ಸಾಧ್ಯವಿರುವ 14 ಅಂಶಗಳನ್ನು ‘ಲ್ಯಾನ್ಸೆಟ್’ ಆಯೋಗವು 2024ರಲ್ಲಿ ಪಟ್ಟಿ ಮಾಡಿತು. ಕಡಿಮೆ ಶಿಕ್ಷಣ, ಒಂಟಿತನ, ರಕ್ತದೊತ್ತಡ, ಮಧುಮೇಹಗಳ ಜೊತೆಗೆ ಕಿವುಡುತನವೂ ಚಿಕಿತ್ಸೆ ಪಡೆಯದ ದೃಷ್ಟಿದೋಷವೂ ಅದರಲ್ಲಿವೆ. ಕನ್ನಡಕ ಧರಿಸಲು ನಾಚದ ನಾವು ಶ್ರವಣ ಸಾಧನ ಧರಿಸಲು ಹಿಂಜರಿಯುವುದೇಕೆ?

ನಮ್ಮ ಮನೆಗಳ ಹಿರಿಯ ಹೆಣ್ಣುಮಕ್ಕಳ ಮಾತನ್ನು ಪ್ರತ್ಯೇಕವಾಗಿಯೇ ಆಡಬೇಕು. ಮೇಲೆ ಹೇಳಿದ 2023ರ ಅಂದಾಜಿನಲ್ಲಿ ಮರೆಗುಳಿತನದ ಪ್ರಮಾಣ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಬಾಲ್ಯದಲ್ಲಿ ಶಾಲೆ ಬಿಡಿಸಲ್ಪಟ್ಟ ತಲೆಮಾರು ಅದು. ಇಂದು ಅಮ್ಮ ಫೋನಿನಲ್ಲಿ ಹಣ ಪಾವತಿಸಲು ತಡವರಿಸಿದರೆ ಮಗ ಅದನ್ನು ಕಸಿದು, ‘ಕೊಡು, ನಾನೇ ಮಾಡಿಕೊಡುತ್ತೇನೆ’ ಎನ್ನುತ್ತಾನೆ. ಅದು ಅಕ್ಕರೆಯೇ ಇರಬಹುದು. ಆದರೆ ಅರ್ಧ ನಿಮಿಷ ಉಳಿಸುವ ಭರದಲ್ಲಿ ಆಕೆಯ ಕಲಿಯುವ ಅವಕಾಶ ಎರಡನೆಯ ಬಾರಿ ತಪ್ಪುತ್ತದೆ. ಮಗ ಪಕ್ಕದಲ್ಲಿ ಕುಳಿತಿರಲಿ. ಆಕೆ ನಾಲ್ಕು ಸಲ ತಡವರಿಸಲಿ, ಐದನೆಯ ಸಲ ತಾನೇ ಮಾಡಲಿ.