ಸೋಮವಾರಕ್ಕೊಂದು ಹೊಸ ಹಾಡು

ವಾರದ ಏಳು ದಿನಗಳಲ್ಲಿ ಸೋಮವಾರದಷ್ಟು ಅಪಕೀರ್ತಿ ಹೊತ್ತ ದಿನ ಇನ್ನೊಂದಿಲ್ಲ. ಶಿವನಿಗೆ ಪ್ರಿಯವಾದ ವಾರವೆಂದು ಹಿರಿಯರು ಅದಕ್ಕೆ ಎಷ್ಟೇ ಗೌರವ ಕೊಟ್ಟಿರಲಿ, ಕಚೇರಿಗೆ ಹೋಗುವವರಿಗೂ ಶಾಲೆಗೆ ಹೋಗುವವರಿಗೂ ಅಂದು ಬೆಳಗಾಗುವುದೇ ಭಾರವಾಗಿ. ಹಿಂದಿನ ವಾರ ಮುಗಿಯದೆ ಉಳಿದ ಕಡತ, ಮಾಡದೆ ಬಿಟ್ಟ ಮನೆಪಾಠ, ಇಸ್ತ್ರಿಯಾಗದ ಅಂಗಿ ಎಲ್ಲವೂ ಒಟ್ಟಿಗೆ ಎದುರು ಬಂದು ನಿಲ್ಲುತ್ತವೆ. ಇಂಥ ದಿನಕ್ಕೆ ಒಂದು ಚಿಟಿಕೆ ಸಕ್ಕರೆ ಬೆರೆಸುವ ಉಪಾಯವನ್ನು ನಾವು ಸನತ್‌ನಗರದ ನಮ್ಮ ಮನೆಯಲ್ಲಿ ಕೆಲಕಾಲದಿಂದ ನಡೆಸಿಕೊಂಡು ಬಂದಿದ್ದೇವೆ. ಸೋಮವಾರ ತಿಂಡಿಯ ಹೊತ್ತಿಗೆ, ಮನೆಯಲ್ಲಿ ಯಾರೂ ಹಿಂದೆ ಕೇಳಿರದ ಒಂದು ಹಾಡನ್ನು ಎಲ್ಲರೂ ಕೂಡಿ ಕೇಳುವುದು. ನಿಯಮಗಳು ಎರಡೇ: ಅದು ಸಿನಿಮಾದ ಹಾಡಾಗಿರಬಾರದು, ಮುಗಿಯುವ ತನಕ ಯಾರೂ ಅದನ್ನು ನಿಲ್ಲಿಸಬಾರದು.

ಹಾಡಿಗೊಂದು ದಿನ ಗೊತ್ತುಮಾಡುವುದು ಹೊಸ ಪದ್ಧತಿಯೇನಲ್ಲ. 1952ರಲ್ಲಿ ರೇಡಿಯೋ ಸಿಲೋನ್ ‘ಬಿನಾಕಾ ಗೀತಮಾಲಾ’ವನ್ನು ಆರಂಭಿಸಿದ ಮೇಲೆ, ಅಮೀನ್ ಸಯಾನಿಯವರ ಕಂಠ ಕೇಳಲು ಬುಧವಾರ ರಾತ್ರಿ ಊರೂರುಗಳಲ್ಲಿ ಜನ ರೇಡಿಯೋದ ಸುತ್ತ ಕೂಡುತ್ತಿದ್ದರು. ಇಂದು ಹಾಡಿಗೆ ದಿನವೂ ಇಲ್ಲ, ಹೊತ್ತೂ ಇಲ್ಲ. ಕಿಸೆಯ ಫೋನಿನಲ್ಲಿ ಕೋಟಿಗಟ್ಟಲೆ ಹಾಡುಗಳು ಕರೆದಾಗ ಬರಲು ಕಾದು ಕುಳಿತಿವೆ. ಆದರೆ ಒಂದೇ ಮನೆಯಲ್ಲಿ ಅಪ್ಪನ ಕಿವಿಯಲ್ಲೊಂದು ಹಾಡು, ಮಗಳ ಕಿವಿಯಲ್ಲಿನ್ನೊಂದು. ಸಂಗೀತ ಹೆಚ್ಚಿತು, ಕೂಡಿ ಕೇಳುವುದು ಕಡಮೆಯಾಯಿತು.

ಸಿನಿಮಾದ ಹಂಗಿಲ್ಲದ ಹಾಡನ್ನು ಈಗಿನವರು ‘ಇಂಡಿ’ ಎನ್ನುತ್ತಾರೆ; ಸ್ವತಂತ್ರ ಸಂಗೀತ ಎಂದು ಅದರ ಅರ್ಥ. ಹೆಸರು ಹೊಸದು, ವಸ್ತು ಕನ್ನಡಿಗರಿಗೆ ಹಳೆಯದು. ಕವಿಯ ಕವಿತೆಯನ್ನು ಕಥೆಯ ನೆರವಿಲ್ಲದೆ, ನಾಯಕ ನಾಯಕಿಯರ ನೆರವಿಲ್ಲದೆ ಹಾಡಿ ಜನಮನ ಗೆದ್ದ ಪಿ. ಕಾಳಿಂಗರಾಯರನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಹೊರಬಂದು ಮನೆಮನೆ ತಲುಪಿತು. ಆ ಬಳ್ಳಿಯ ಹೊಸ ಚಿಗುರುಗಳೇ ಇಂದಿನವರು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು 2008ರ ತಮ್ಮ ಮೊದಲ ಸಂಕಲನದಲ್ಲಿ ಶಿಶುನಾಳ ಷರೀಫರ ತತ್ತ್ವಪದವನ್ನು ಗಿಟಾರಿನೊಡನೆ ಹಾಡಿ ಅದನ್ನು ಕಡಲಾಚೆಗೂ ಒಯ್ದರು. ಬೆಂಗಳೂರಿನ ‘ಸ್ವರಾತ್ಮ’ ತಂಡದವರ ಮೊದಲ ಸಂಕಲನ 2009ರದು. ಕನ್ನಡ, ಹಿಂದಿ ಎರಡರಲ್ಲೂ ಅವರು ಹಾಡುತ್ತಾರೆ.

ಇಲೆಕ್ಟ್ರಾನಿಕ್ ಸಂಗೀತವೆಂದರೆ ಮಾತ್ರ ಹಿರಿಯರ ಹುಬ್ಬು ಗಂಟಾಗುತ್ತದೆ. ನಮ್ಮ ಮನೆಯಲ್ಲೂ ಮೊದಲ ಬಾರಿ ಅಂಥದೊಂದನ್ನು ಹಾಕಿದಾಗ ತಾಯಿಯವರು, “ಇದೇನೋ, ಶ್ರುತಿಪೆಟ್ಟಿಗೆ ಕೆಟ್ಟ ಹಾಗಿದೆಯಲ್ಲೋ!” ಎಂದರು. ಹಾಸ್ಯಕ್ಕೆ ಆಡಿದ ಮಾತಾದರೂ ಅದರಲ್ಲೊಂದು ಸತ್ಯವಿದೆ. ನಮ್ಮ ಸಂಗೀತ ಕಲಿಯುವ ಮಕ್ಕಳ ಪಕ್ಕದಲ್ಲಿರುವ ಶ್ರುತಿಪೆಟ್ಟಿಗೆ ಸ್ವತಃ ಇಲೆಕ್ಟ್ರಾನಿಕ್ ವಾದ್ಯವಲ್ಲವೆ? ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಂಬವರು ಇಂಜಿನಿಯರು, ಕೊಳಲುವಾದಕರೂ ಹೌದು. 1979ರಲ್ಲಿ ಅವರು ಇಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ಎಷ್ಟೋ ಕಚೇರಿಗಳ ವೇದಿಕೆಯನ್ನು ಏರಿವೆ.

ಈ ವಾದ್ಯಗಳ ಗುಟ್ಟು ತಿಳಿದರೆ ಅರ್ಧ ಭಯ ಹೋಗುತ್ತದೆ. ಒಂದು ಮಂಡಲದಲ್ಲಿ ವಿದ್ಯುತ್ತನ್ನು ಸೆಕೆಂಡಿಗೆ ನೂರಾರು ಬಾರಿ ಹಿಂದಕ್ಕೂ ಮುಂದಕ್ಕೂ ತೂಗಿಸುತ್ತಾರೆ. ಆ ತೂಗಾಟ ಸ್ಪೀಕರಿನ ಮೂಲಕ ಗಾಳಿಯನ್ನು ಅಲುಗಿಸಿದಾಗ ನಾದ ಹುಟ್ಟುತ್ತದೆ. ಮುಂದಿನ ಕೆಲಸ ಶೋಧಿಸುವುದು. ಓದುಗರು ಒಂದೇ ಶ್ರುತಿಯಲ್ಲಿ ‘ಊ’ ಎಂದು ಆರಂಭಿಸಿ, ಉಸಿರು ಬಿಡದೆ, ಮೆಲ್ಲನೆ ಬಾಯಿ ತೆರೆದು ‘ಆ’ ಎಂದು ನೋಡಲಿ. ಸ್ವರ ಬದಲಾಗದು, ಬಣ್ಣ ಬದಲಾಗುತ್ತದೆ. ಬಾಯಿ ಮಾಡಿದ ಆ ಕೆಲಸವನ್ನು ಯಂತ್ರದಲ್ಲಿ ಒಂದು ತಿರುಗುಗುಂಡಿ ಮಾಡುತ್ತದೆ. ಘಟಂ ವಿದ್ವಾಂಸರು ಗಡಿಗೆಯ ಬಾಯನ್ನು ಹೊಟ್ಟೆಗೆ ಒತ್ತಿ, ಸಡಿಲಿಸಿ ನುಡಿಸುವಾಗ ನಾದದ ಬಣ್ಣ ಬದಲಾಗುವುದೂ ಇಂಥದೇ ಚಮತ್ಕಾರ. ಇನ್ನು ನಾದದ ಹುಟ್ಟು ಸಾವು: ವೀಣೆಯ ನಾದ ಥಟ್ಟನೆ ಹುಟ್ಟಿ ಮೆಲ್ಲನೆ ಅಡಗುತ್ತದೆ, ಪಿಟೀಲಿನದು ಮೆಲ್ಲನೆ ಹುಟ್ಟಿ ಬಿಲ್ಲು ನಡೆವಷ್ಟು ಹೊತ್ತು ನಿಲ್ಲಬಲ್ಲುದು. ಅದನ್ನೂ ಯಂತ್ರದಲ್ಲಿ ಬೇಕಾದಂತೆ ಗೊತ್ತುಮಾಡಬಹುದು. ಈ ಮೂರನ್ನು ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದರೆ ಸಿಂಥೆಸೈಜರ್ ಆಯಿತು.

ಇಂಥದೊಂದು ಯಂತ್ರ ನಮ್ಮ ದೇಶಕ್ಕೆ ಬಹು ಬೇಗ ಬಂದಿತ್ತು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರು ಮೋಗ್ ಸಿಂಥೆಸೈಜರ್ ಒಂದನ್ನು ಅಣಿಗೊಳಿಸಿದರು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಎಸ್. ಸಿ. ಶರ್ಮ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಮೊದಲಾದವರು ಅದರಲ್ಲಿ ಪ್ರಯೋಗ ನಡೆಸಿದರು. ಆ ಟೇಪುಗಳು ದಶಕಗಳ ಕಾಲ ಸಂಸ್ಥೆಯ ಸಂಗ್ರಹದಲ್ಲಿ ಸದ್ದಿಲ್ಲದೆ ಮಲಗಿದ್ದುವು. ಪಾಲ್ ಪುರ್ಗಾಸ್ ಎಂಬ ಕಲಾವಿದರು ಅವನ್ನು ಹುಡುಕಿ ತೆಗೆದ ಮೇಲೆ, 2023ರಲ್ಲಿ ಅವು ಸಂಕಲನವಾಗಿ ಲೋಕದ ಕಿವಿಗೆ ಬಿದ್ದುವು.

ಚರಣಜಿತ್ ಸಿಂಗ್ ಅವರ ಕಥೆಯೂ ಅಂಥದೇ. ಬೊಂಬಾಯಿಯ ಸಿನಿಮಾ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದ ಅವರು 1982ರಲ್ಲಿ, ಆಗ ಹೊಸದಾಗಿದ್ದ ಜಪಾನಿನ ಯಂತ್ರಗಳಲ್ಲಿ ಹತ್ತು ರಾಗಗಳನ್ನು ಕುಣಿತದ ತಾಳಕ್ಕೆ ಕೂಡಿಸಿ ಒಂದು ಧ್ವನಿಮುದ್ರಿಕೆ ತಂದರು. ಕೊಂಡವರು ಕಡಮೆ. 2010ರಲ್ಲಿ ಅದು ಮರುಮುದ್ರಣವಾದಾಗ, ಕೆಲವು ವರ್ಷಗಳ ಅನಂತರ ಅಮೆರಿಕದ ಶಿಕಾಗೋದಲ್ಲಿ ಹುಟ್ಟಿದ ಸಂಗೀತರೀತಿಯೊಂದರ ಮುನ್ಸೂಚನೆ ಅದರಲ್ಲಿದೆಯೆಂದು ರಸಿಕರು ಬೆರಗಾದರು. ಸಿಂಗ್ ಅವರು 2015ರಲ್ಲಿ ತೀರಿಕೊಂಡರು. ಸಮಕಾಲೀನರು ಕೇಳದಿದ್ದುದನ್ನು ಮೊಮ್ಮಕ್ಕಳ ಕಾಲದವರು ಕೇಳಬೇಕಾಯಿತು.

ನಮ್ಮ ಕಾಲದವರಿಗೂ ಇದೇ ಗತಿ ಬರಬೇಕೆ? ಇಲ್ಲಿ ಗುಮಾಸ್ತರಾದ ನಮಗೆ ಸಹಜವಾಗಿ ಲೆಕ್ಕ ನೆನಪಾಗುತ್ತದೆ. ಸ್ಪಾಟಿಫೈ ಎಂಬ ಹಾಡಿನ ಸಂಸ್ಥೆ 2024ರಿಂದ ಒಂದು ನಿಯಮ ಮಾಡಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಬಾರಿಯಾದರೂ ಕೇಳಲ್ಪಡದ ಹಾಡಿಗೆ ಗೌರವಧನವಿಲ್ಲ. ಕೇಳಿದವರ ಸಂಖ್ಯೆಯೂ ತೀರ ಕಡಮೆಯಿರಬಾರದು. ದೊಡ್ಡ ಸಿನಿಮಾದ ಹಾಡಿಗೆ ಈ ಸಾವಿರ ಒಂದು ಗಳಿಗೆಯ ಮಾತು. ಕೋಣೆಯೊಂದರಲ್ಲಿ ಕುಳಿತು ಕನ್ನಡದಲ್ಲಿ ಹೊಸ ಪ್ರಯೋಗ ಮಾಡುವ ತರುಣನಿಗೆ ಅದು ಬೆಟ್ಟ. ಆದರೆ ನೂರು ಮನೆಗಳವರು ಒಂದು ಹಾಡನ್ನು ತಿಂಗಳಿಗೊಮ್ಮೆ ಕೇಳಿದರೂ ವರ್ಷಕ್ಕೆ 1,200 ಆಯಿತು! ನಮ್ಮಂಥ ಸಂಘವೊಂದರ ಕುಟುಂಬಗಳು ಮನಸ್ಸು ಮಾಡಿದರೆ ಆ ಗೆರೆ ದಾಟಿಸುವುದು ಅಸಾಧ್ಯವಲ್ಲ. ಬ್ಯಾಂಡ್‌ಕ್ಯಾಂಪ್ ಎಂಬಲ್ಲಿ ಹಾಡನ್ನೇ ಕೊಂಡರೆ ಹಣದ ಬಹುಪಾಲು ಕಲಾವಿದನಿಗೇ ಸಲ್ಲುತ್ತದೆ. 2020ರಿಂದ ಆಯ್ದ ಕೆಲವು ಶುಕ್ರವಾರಗಳಂದು ಆ ಸಂಸ್ಥೆ ತನ್ನ ಪಾಲನ್ನೂ ಬಿಟ್ಟುಕೊಡುತ್ತ ಬಂದಿದೆ.

ಹೊಸತನ್ನು ಹುಡುಕಿಕೊಡುವ ಯಂತ್ರಗಳೂ ಉಂಟು. ಅದೇ ಸ್ಪಾಟಿಫೈ 2015ರಿಂದ ಪ್ರತಿ ಸೋಮವಾರ ಕೇಳುಗನಿಗೆಂದೇ 30 ಹಾಡುಗಳ ಪಟ್ಟಿ ಸಿದ್ಧಪಡಿಸುವ ಏರ್ಪಾಡು ಮಾಡಿತು. ಅನುಕೂಲವೇ ಸರಿ. ಆದರೆ ಯಂತ್ರ ನಾವು ಹಿಂದೆ ಉಂಡದ್ದನ್ನು ಅಳೆದು ಮುಂದಿನದನ್ನು ಬಡಿಸುತ್ತದೆ. ಮನೆಯಲ್ಲಿ ತೆಲುಗು, ಹಿಂದಿ ಹಾಡುಗಳನ್ನೇ ಕೇಳಿದರೆ ಅದಕ್ಕೆ ಕನ್ನಡದ ಹಸಿವು ಹೇಗೆ ತಿಳಿಯಬೇಕು? ಆದ್ದರಿಂದ ನಾಲ್ಕು ವಾರಗಳಲ್ಲಿ ಎರಡು ವಾರ ನಾವು ಕನ್ನಡದ ಹಾಡನ್ನೇ ಹೆಸರು ಹಿಡಿದು ಹುಡುಕುತ್ತೇವೆ. ಒಂದು ವಾರ ಮಗಳ ಆಯ್ಕೆ, ಒಂದು ವಾರ ಎಲ್ಲಿಯದಾದರೂ ಸರಿ.

ಈ ಎರಡು ವಾರಗಳ ಹಟಕ್ಕೆ ಕಾರಣವುಂಟು. ಹೈದರಾಬಾದಿನಲ್ಲಿ ಕನ್ನಡ ಉಳಿಯಲೆಂದು ಹಿರಿಯರು ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಕಟ್ಟಿದರು, ನೃಪತುಂಗ ಶಾಲೆ ನಡೆಸಿದರು. ಆದರೆ ಸನತ್‌ನಗರದ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ಆಟದ ಬಯಲಿನಲ್ಲಿ ತೆಲುಗು, ಹಿಂದಿ. ಕನ್ನಡ ಉಳಿದಿರುವುದು ಅಜ್ಜಿಯ ಮಗ್ಗುಲಲ್ಲಿ ಮಾತ್ರ. ತಿದ್ದಿ ಹೇಳಿದರೆ ಮಕ್ಕಳು ಮಾತು ಇಂಗ್ಲಿಷಿಗೆ ತಿರುಗಿಸುತ್ತಾರೆ. ಹಾಡು ಹಾಗಲ್ಲ. ರಘು ದೀಕ್ಷಿತರ ಕಂಠದಲ್ಲಿ ಷರೀಫರ ಪದ ಕೇಳಿದ ಮಗಳು ತಾನಾಗಿಯೇ, “ಅಜ್ಜಿ, ಗುಡುಗುಡಿ ಅಂದರೇನು?” ಎಂದು ಕೇಳಿದಳು. ಅಜ್ಜಿ ತಮ್ಮ ಊರಿನ ಗೌಡರ ಕಟ್ಟೆ, ಹುಕ್ಕಾದೊಳಗಿನ ನೀರಿನ ಸದ್ದು, ಹೊಗೆಯ ನೆವದಲ್ಲಿ ಒಳಗಿನ ಮಾತು ಹೇಳಿದ ಷರೀಫರು ಎಲ್ಲವನ್ನೂ ಹೇಳುವಷ್ಟರಲ್ಲಿ ಶಾಲೆಯ ಬಸ್ಸು ಹೋಗಿಬಿಟ್ಟಿತ್ತು! ಅಷ್ಟು ಕನ್ನಡ ಆ ವಾರ ನಮ್ಮ ಮನೆಯಲ್ಲಿ ಮತ್ತಾವ ಹೊತ್ತಿನಲ್ಲೂ ನಡೆದಿರಲಿಲ್ಲ.

ಎಲ್ಲ ಹಾಡೂ ಹಿಡಿಸುತ್ತದೆಂದು ಭರವಸೆ ಕೊಡಲಾರೆವು. ಬೆಂಗಳೂರಿನ ‘ಸಲ್ಕ್ ಸ್ಟೇಷನ್’ ಜೋಡಿಯವರ 2012ರ ಸಂಕಲನದಲ್ಲಿ ಹಿಂದುಸ್ತಾನಿ ಛಾಯೆಯ ಕಂಠವೂ ಯಂತ್ರದ ನಿಧಾನಗತಿಯೂ ಕೂಡಿವೆ. ಅದು ತಿಂಡಿಯ ಗಡಿಬಿಡಿಯಲ್ಲಿ ನಮಗೆ ಸಪ್ಪೆಯೆನಿಸಿತು. ಎರ್ರಗಡ್ಡದಲ್ಲಿ ಮೆಟ್ರೋ ಹತ್ತಿ ಲಕಡಿಕಾಪುಲದಲ್ಲಿ ಇಳಿಯುವ ತನಕ ಮತ್ತೊಮ್ಮೆ ಕೇಳಿದಾಗ ಅದರ ಸೊಗಸು ಬಿಚ್ಚಿಕೊಂಡಿತು. ಹೊಸ ಹಾಡಿಗೆ ಎರಡನೆಯ ಸಲದ ಕಿವಿ ಬೇಕು. ಹೊಸ ಸೊಸೆಯನ್ನು ಮೊದಲ ದಿನದ ಅಡಿಗೆಯಿಂದ ಅಳೆಯಬಾರದಲ್ಲವೆ?

ನಮ್ಮ ಸಂಘದ ಸದಸ್ಯರು ತಮ್ಮ ಮನೆಗಳಲ್ಲಿ ಇದನ್ನೊಮ್ಮೆ ನಡೆಸಿ ನೋಡಬೇಕೆಂದು ನಮ್ಮ ಪ್ರಾರ್ಥನೆ. ಖರ್ಚು ನಾಲ್ಕೈದು ನಿಮಿಷ. ಮೊದಲ ಸೋಮವಾರಕ್ಕೆ ಸ್ವರಾತ್ಮ, ಎರಡನೆಯದಕ್ಕೆ ಅಹಮದಾಬಾದಿನ ಟೇಪು, ಮೂರನೆಯದಕ್ಕೆ ರಘು ದೀಕ್ಷಿತರು, ನಾಲ್ಕನೆಯದನ್ನು ಮನೆಯ ಅತ್ಯಂತ ಕಿರಿಯರು ಆರಿಸಲಿ. ಹಾಗೆ ದೊರೆತ ಒಳ್ಳೆಯ ಹಾಡಿನ ಹೆಸರನ್ನು ಸಂಘದ ಕೂಟಕ್ಕೆ ಬಂದಾಗ ನಾಲ್ಕು ಮಂದಿಗೆ ತಿಳಿಸಿದರೆ, ಆ ಸಾವಿರದ ಲೆಕ್ಕ ತಾನಾಗಿಯೇ ತುಂಬುತ್ತದೆ.