ಪಿಕಪ್ ಗಾಡಿಗೊಂದು ಅಗ್ನಿನಂದಕ: ಯಾವುದನ್ನು ಕೊಳ್ಳಬೇಕು, ಎಲ್ಲಿ ಕೂರಿಸಬೇಕು?

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆದರೆ ಹುಲ್ಲು ಹೇರಿಕೊಂಡು ಹೊರಟ ಗಾಡಿಯ ವಿಷಯದಲ್ಲಿ ಈ ಗಾದೆಯನ್ನು ನೆನೆಯುವವರು ಕಡಿಮೆ. ಹಿಂದೆ ಎತ್ತಿನ ಗಾಡಿಯಲ್ಲಿ ಸಾಗುತ್ತಿದ್ದ ಭತ್ತದ ಹುಲ್ಲು, ರಾಗಿ ಹುಲ್ಲು, ಜೋಳದ ದಂಟು, ಹತ್ತಿ ಇವೆಲ್ಲವೂ ಇಂದು ಬಹುಮಟ್ಟಿಗೆ ಟ್ರ್ಯಾಕ್ಟರಿನಲ್ಲಿ, ಪಿಕಪ್ ವಾಹನದಲ್ಲಿ ಸಾಗುತ್ತವೆ. ಅದೇ ಪಿಕಪ್ಪಿನಲ್ಲಿ ಪಂಪ್‌ಸೆಟ್ಟಿಗೆ ಬೇಕಾದ ಡೀಸೆಲ್ ಕ್ಯಾನೂ ಬರುತ್ತದೆ. ಬೆಂಕಿ ಹತ್ತಿದರೆ ಸಾಲ ತೀರದ ಗಾಡಿ, ದನಗಳ ವರ್ಷದ ಮೇವು, ಕೆಲವು ವೇಳೆ ಮನುಷ್ಯನ ಪ್ರಾಣ, ಎಲ್ಲವೂ ಒಟ್ಟಿಗೆ ಅಪಾಯಕ್ಕೆ ಸಿಲುಕುತ್ತವೆ.

ಒಳ್ಳೆಯ ಅಗ್ನಿನಂದಕದ ಬೆಲೆ ಗಾಡಿಯ ಒಂದು ಹೊಸ ಟೈರಿನ ಬೆಲೆಗಿಂತ ಬಹಳ ಕಡಿಮೆ. ಆದರೆ ಅದನ್ನು ಕೊಂಡು ಸೀಟಿನ ಹಿಂದೆ ಗೋಣಿಚೀಲಗಳ ಅಡಿ ಎಸೆದರೆ ಕೊಂಡೂ ಕೊಳ್ಳದಂತೆಯೇ. 2 ಕಿಲೋ ಅಗ್ನಿನಂದಕದ ಪುಡಿ ಸುಮಾರು 10 ಸೆಕೆಂಡಿನಲ್ಲಿ ಮುಗಿಯುತ್ತದೆ. ಆದ್ದರಿಂದ ಅದು ಬೆಂಕಿ ಸಣ್ಣದಿರುವಾಗ, ಮೊದಲ ಒಂದು ನಿಮಿಷದಲ್ಲಿ ಮಾತ್ರ ಕೆಲಸಕ್ಕೆ ಬರುವ ಸಾಧನ. ಆ ಒಂದು ನಿಮಿಷದಲ್ಲಿ ಅದು ಕೈಗೆ ಸಿಗಬೇಕು.

ಬೆಂಕಿ ಹುಟ್ಟುವುದು ಎಲ್ಲಿ?

ಹೆಚ್ಚಿನ ದೀಪ, ಹಾರನ್ನು, ಹಾಡಿನ ಪೆಟ್ಟಿಗೆಗಳಿಗೆ ಫ್ಯೂಸ್ ಇಲ್ಲದೆ ವೈರು ಎಳೆಯುವುದು, ಫ್ಯೂಸ್ ಹೋದಾಗ ದಪ್ಪ ತಂತಿ ಸುತ್ತುವುದು, ತಗಡಿಗೆ ಉಜ್ಜಿ ಸವೆದ ಬ್ಯಾಟರಿ ವೈರು, ಬಿರುಕು ಬಿಟ್ಟು ಜಿನುಗುವ ಇಂಧನದ ರಬ್ಬರ್ ಪೈಪು ಇವು ಮುಖ್ಯ ಕಾರಣಗಳು. ಕಣದ ಬಳಿ ಗಾಡಿ ನಿಲ್ಲಿಸುವವರಿಗೆ ಇಲಿಯ ಕಾಟವೂ ಉಂಟು. ಇಲಿ ವೈರು ಕಡಿಯುವುದಲ್ಲದೆ ಎಂಜಿನ್ನಿನ ಸಂದಿಗೆ ಹುಲ್ಲು, ಚಿಂದಿ ತಂದು ಗೂಡು ಕಟ್ಟುತ್ತದೆ. ಒಣಹುಲ್ಲು ಬಿಸಿ ಸೈಲೆನ್ಸರಿಗೆ ತಾಗುವುದು, ಹೊರೆಯ ಮೇಲೆ ಕುಳಿತವರು ಬೀಡಿ ಸೇದುವುದು, ಎತ್ತರದ ಹೊರೆ ವಿದ್ಯುತ್ ತಂತಿಗೆ ತಗಲುವುದು ಇವು ಹುಲ್ಲು ಸಾಗಿಸುವ ಗಾಡಿಗೆ ವಿಶೇಷವಾದ ಅಪಾಯಗಳು.

ಯಾವ ಬಗೆ?

ಬೆಂಕಿಯನ್ನು ಅದು ಸುಡುವ ವಸ್ತುವಿನ ಮೇಲೆ ವರ್ಗ ಮಾಡಿದ್ದಾರೆ. ಹುಲ್ಲು, ಮರ, ಬಟ್ಟೆ, ರಬ್ಬರಿನಂಥ ಘನ ವಸ್ತುಗಳ ಬೆಂಕಿ ‘ಎ’ ವರ್ಗ. ಡೀಸೆಲ್, ಪೆಟ್ರೋಲ್, ಎಣ್ಣೆಯದು ‘ಬಿ’ ವರ್ಗ. ಅನಿಲದ ಬೆಂಕಿ ‘ಸಿ’ ವರ್ಗ. ಪಿಕಪ್ಪಿನಲ್ಲಿ ಈ ಮೂರೂ ಬರಬಹುದಾದ್ದರಿಂದ ‘ಎಬಿಸಿ’ ಎಂದು ಬರೆದಿರುವ ಒಣಪುಡಿಯ ಅಗ್ನಿನಂದಕವೇ ಸೂಕ್ತ. ಇದರ ಮುಖ್ಯ ವಸ್ತು ಮಾನೋ ಅಮೋನಿಯಂ ಫಾಸ್ಫೇಟ್. ಇದು ನಾವು ಗೊಬ್ಬರವಾಗಿ ಬಲ್ಲ ಲವಣವೇ. ಬಿಸಿಗೆ ಕರಗಿ ಉರಿಯುವ ವಸ್ತುವಿನ ಮೇಲೆ ಪದರ ಕಟ್ಟುತ್ತದೆ. ಬರೀ ‘ಬಿಸಿ’ ಎಂದು ಬರೆದಿರುವ, ಅಡಿಗೆ ಸೋಡಾದ ಜಾತಿಯ ಪುಡಿ ಎಣ್ಣೆಯ ಬೆಂಕಿಗೆ ಆಗುತ್ತದೆ, ಹುಲ್ಲಿಗೆ ಆಗದು.

ಇಂಗಾಲದ ಡೈಆಕ್ಸೈಡ್ ತುಂಬಿದ ಸಿಲಿಂಡರು ಕಚೇರಿಯ ಕೋಣೆಗೆ ಒಳ್ಳೆಯದು. ಬಯಲಿನ ಗಾಳಿಗೆ ಅದರ ಅನಿಲ ಹಾರಿಹೋಗುತ್ತದೆ, ತೂಕವೂ ಹೆಚ್ಚು. ಉರಿಯುವ ಡೀಸೆಲಿನ ಮೇಲೆ ನೀರು ಸುರಿಯಬಾರದು. ಡೀಸೆಲ್ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ವಿದ್ಯುತ್ತಿನಿಂದ ಓಡುವ ಗಾಡಿಯ ಬ್ಯಾಟರಿ ಹೊತ್ತಿಕೊಂಡರೆ ಪುಡಿ ಅದನ್ನು ನಿಲ್ಲಿಸಲಾರದು. ಅಂಥಲ್ಲಿ ದೂರ ಸರಿಯುವುದೇ ಸರಿ.

ಗಾತ್ರ ಮತ್ತು ಖರೀದಿ

ಪೇಟೆಯಲ್ಲಿ 1, 2, 4, 6 ಮತ್ತು 9 ಕಿಲೋ ಗಾತ್ರಗಳು ದೊರೆಯುತ್ತವೆ. ಪಿಕಪ್ಪಿಗೆ 2 ಕಿಲೋಗಿಂತ ಕಡಿಮೆಯದು ಬೇಡ. ಸುಗ್ಗಿಯಲ್ಲಿ ಮೇಲಿಂದ ಮೇಲೆ ಹುಲ್ಲು, ಹತ್ತಿ ಹೇರುವವರು ಕ್ಯಾಬಿನ್ನಿನಲ್ಲಿ 2 ಕಿಲೋದು ಒಂದು, ಹೊರಗೆ 4 ಅಥವಾ 6 ಕಿಲೋದು ಇನ್ನೊಂದು ಇಟ್ಟರೆ ಉತ್ತಮ. ಕೊಳ್ಳುವಾಗ ಈ ಅಂಶಗಳನ್ನು ಗಮನಿಸಬೇಕು:

1. ಐಎಸ್‌ಐ ಗುರುತು ಮತ್ತು ಐಎಸ್ 15683 ಎಂಬ ಮಾನಕ ಸಂಖ್ಯೆ ಇರಬೇಕು.
2. ತಯಾರಾದ ತಿಂಗಳು, ವರ್ಷ ಸ್ಪಷ್ಟವಾಗಿರಬೇಕು. ಬಣ್ಣ ಬಳಿದ ಹಳೆಯ ಸಿಲಿಂಡರನ್ನು ಕೊಳ್ಳಬಾರದು.
3. ಒತ್ತಡ ತೋರಿಸುವ ಮೀಟರಿನ ಮುಳ್ಳು ಹಸಿರು ಭಾಗದಲ್ಲಿರಬೇಕು. ಪಿನ್ನು, ಸೀಲು ಭದ್ರವಾಗಿರಬೇಕು.
4. ಮತ್ತೆ ಪುಡಿ ತುಂಬಿಸಿಕೊಡುವ ಅಂಗಡಿ ಹತ್ತಿರದ ಪೇಟೆಯಲ್ಲಿದೆಯೇ ಎಂದು ವಿಚಾರಿಸಿ, ರಸೀದಿ ಪಡೆಯಬೇಕು.

ಎಲ್ಲಿ ಕೂರಿಸಬೇಕು?

ಗಾಡಿಯಲ್ಲಿ ಹೊಗೆ ಕಂಡೊಡನೆ ಚಾಲಕ ಮೊದಲು ಕೆಳಗಿಳಿಯುತ್ತಾನೆ. ಆದ್ದರಿಂದ ಅಗ್ನಿನಂದಕವು ಕುಳಿತವನ ಕೈಗಷ್ಟೇ ಅಲ್ಲ, ಬಾಗಿಲ ಹೊರಗೆ ನಿಂತವನ ಕೈಗೂ ಸಿಗಬೇಕು. ಸೀಟಿನ ಪಕ್ಕದ ನೆಲ, ಎಡಗಡೆ ಸೀಟಿನ ಮುಂದಿನ ಅಂಚು, ಕ್ಯಾಬಿನ್ನಿನ ಹಿಂಗೋಡೆಯ ಬಾಗಿಲ ಕಡೆಯ ಮೂಲೆ ಇವುಗಳಲ್ಲಿ ನಿಮ್ಮ ಗಾಡಿಗೆ ಒಪ್ಪುವುದನ್ನು ಆರಿಸಿಕೊಳ್ಳಿ.

ಕೆಲವು ಸಣ್ಣ ಗಾಡಿಗಳಲ್ಲಿ ಎಂಜಿನ್ ಸೀಟಿನ ಅಡಿಯಲ್ಲೇ ಇರುತ್ತದೆ. ಅಂಥ ಗಾಡಿಯಲ್ಲಿ ಸೀಟಿನ ಕೆಳಗೆ ಅಗ್ನಿನಂದಕ ಇಡಲೇಬಾರದು; ಬೆಂಕಿ ಹುಟ್ಟುವ ಕಡೆಯೇ ಅದನ್ನು ಬಚ್ಚಿಟ್ಟಂತಾಗುತ್ತದೆ. ಬಾನೆಟ್ಟಿನೊಳಗೂ ಬೇಡ. ಬಿಸಿಲಿಗೆ ಕಾಯುವ ಡ್ಯಾಶ್‌ಬೋರ್ಡಿನ ಮೇಲೂ ಬೇಡ. ಡಬ್ಬಿಯ ಮೇಲೆ ಬರೆದಿರುವ ಉಷ್ಣತೆಯ ಮಿತಿಯನ್ನು ಓದಿ ನೋಡಿ.

ಹೊರಗೆ ಕೂರಿಸುವುದಾದರೆ ಕ್ಯಾಬಿನ್ನಿನ ಹಿಂದೆ, ಚಾಲಕನ ಬದಿಗೆ, ಸೈಲೆನ್ಸರು ಮತ್ತು ಡೀಸೆಲ್ ಟ್ಯಾಂಕಿನಿಂದ ದೂರ ಇರಲಿ. ಕೆಸರು, ಮಳೆ ತಾಗದಂತೆ ಮುಚ್ಚಳದ ಪೆಟ್ಟಿಗೆ ಮಾಡಿಸಿ. ಕಳವಿನ ಭಯಕ್ಕೆ ಬೀಗ ಹಾಕಿದರೆ ಆಪತ್ತಿನಲ್ಲಿ ಕೀಲಿ ಹುಡುಕಬೇಕಾದೀತು. ಗಾಡಿ ಓಡುವಾಗ ಬೀಗ ಬೇಡ.

ಕೂರಿಸುವ ವಿಧಾನ

ಮನೆಯ ಗೋಡೆಗೆ ಹೊಡೆಯುವ ಕೊಕ್ಕೆ ಗಾಡಿಗೆ ಸಾಲದು. ಹೊಂಡ ಬಿದ್ದ ದಾರಿಯಲ್ಲಿ ಸಿಲಿಂಡರು ಕಳಚಿ ಬ್ರೇಕಿನ ಪೆಡಲಿನ ಅಡಿ ಉರುಳಿದರೆ ಬೆಂಕಿಯಿಲ್ಲದೆಯೇ ಅಪಘಾತವಾದೀತು. ಒಂದೇ ಎಳೆತಕ್ಕೆ ಬಿಚ್ಚುವ ಲೋಹದ ಪಟ್ಟಿಯಿರುವ, ವಾಹನಕ್ಕೆಂದೇ ಮಾಡಿದ ಹಿಡಿಕೆಯನ್ನು ಕೊಳ್ಳಬೇಕು.

1. ತೂತು ಕೊರೆಯುವ ಮುನ್ನ ತಗಡಿನ ಹಿಂದೆ ಬ್ರೇಕಿನ ಪೈಪು, ಇಂಧನದ ಪೈಪು, ವೈರು ಹಾಯ್ದಿಲ್ಲವೆಂದು ಖಚಿತಪಡಿಸಿಕೊಳ್ಳಿ.
2. ಪ್ಲಾಸ್ಟಿಕ್ ಹೊದಿಕೆಗೆ ಸ್ಕ್ರೂ ಹೊಡೆಯಬೇಡಿ. ಗಟ್ಟಿ ಕಬ್ಬಿಣದ ಭಾಗಕ್ಕೆ ಬೋಲ್ಟ್ ಹಾಕಿ, ಹಿಂಬದಿಗೆ ಅಗಲವಾದ ವಾಷರು, ಸ್ಪ್ರಿಂಗ್ ವಾಷರು ಕೊಟ್ಟು ನಟ್ಟು ಬಿಗಿಯಿರಿ.
3. ಕೊರೆದ ತೂತಿನ ಅಂಚಿಗೆ ತುಕ್ಕು ಹಿಡಿಯದಂತೆ ಬಣ್ಣ ಹಚ್ಚಿ.
4. ಸಿಲಿಂಡರು ನೆಟ್ಟಗೆ ನಿಲ್ಲಲಿ. ಮೀಟರು ಎದುರಿಗೆ ಕಾಣಲಿ. ಗೇರು, ಕೈಬ್ರೇಕು, ಪೆಡಲುಗಳಿಗೆ ಅಡ್ಡವಾಗದಿರಲಿ.

ಕೂರಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಬೆಲ್ಟು ಹಾಕಿಕೊಂಡು ಕುಳಿತು, ಎಂಜಿನ್ ಆರಿಸಿ, ಬೆಲ್ಟು ಬಿಚ್ಚಿ, ಇಳಿದು, ಸಿಲಿಂಡರನ್ನು ಕೈಗೆ ತೆಗೆದುಕೊಳ್ಳಿ. ಹತ್ತು ಎಣಿಸುವಷ್ಟರಲ್ಲಿ ಆಗದಿದ್ದರೆ ಜಾಗ ಬದಲಿಸಿ. ಗಾಡಿ ಓಡಿಸುವ ಮಗನಿಗೂ ಆಳಿಗೂ ಇದನ್ನು ಮಾಡಿಸಿ ನೋಡಿ.

ಬಳಸುವ ಕ್ರಮ

ಗಾಡಿಯನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ದೂರ ಕಳಿಸಿ. 101 ಅಥವಾ 112ಕ್ಕೆ ಕರೆ ಮಾಡಲು ಒಬ್ಬರಿಗೆ ಹೇಳಿ. ಗಾಳಿ ನಿಮ್ಮ ಬೆನ್ನಿಗೆ ಬರುವಂತೆ, ಬೆಂಕಿಯಿಂದ 2ರಿಂದ 3 ಮೀಟರ್ ದೂರದಲ್ಲಿ ನಿಲ್ಲಿ. ಪಿನ್ನು ಎಳೆದು, ಮೂತಿಯನ್ನು ಜ್ವಾಲೆಯ ತುದಿಗಲ್ಲದೆ ಬುಡಕ್ಕೆ ಹಿಡಿದು, ಹಿಡಿ ಅದುಮಿ ಅತ್ತಿತ್ತ ಆಡಿಸಿ. ಸಿಲಿಂಡರನ್ನು ತಲೆಕೆಳಗು ಹಿಡಿದರೆ ಪುಡಿ ಬರದೆ ಬರೀ ಅನಿಲ ಹೋಗುತ್ತದೆ. ಬಾನೆಟ್ಟಿನಿಂದ ಹೊಗೆ ಬರುತ್ತಿದ್ದರೆ ಅದನ್ನು ಪೂರ್ತಿ ಎತ್ತಬೇಡಿ. ಗಾಳಿ ನುಗ್ಗಿ ಉರಿ ಏಳುತ್ತದೆ. ಸಂದು ಮಾಡಿ ಅಲ್ಲಿಂದಲೇ ಪುಡಿ ಬಿಡಿ. ಡಬ್ಬಿ ಮುಗಿದರೂ ಬೆಂಕಿ ಆರದಿದ್ದರೆ ಗಾಡಿಯ ಆಸೆ ಬಿಟ್ಟು ದೂರ ಹೋಗಿ.

ಹುಲ್ಲಿನ ಹೊರೆಗೆ ಹತ್ತಿದರೆ

ಪುಡಿ ಉರಿಯನ್ನು ಅಡಗಿಸುತ್ತದೆಯೇ ಹೊರತು ಹುಲ್ಲನ್ನು ತಣಿಸುವುದಿಲ್ಲ. ಒಳಗಿನ ಕೆಂಡ ಮತ್ತೆ ಉರಿಯುತ್ತದೆ. ಹೊರೆಯ ಅಂಚಿನಲ್ಲಿ ಹತ್ತಿದ ಕಿಡಿಗೆ ಪುಡಿ ಬಿಟ್ಟು, ಆ ಭಾಗವನ್ನು ಕಿತ್ತು ಕೆಳಗೆಳೆದು, ನೀರು ಹಾಕಿ ತುಳಿಯಬೇಕು. ಅದಕ್ಕಾಗಿ ಹುಲ್ಲು ಸಾಗಿಸುವಾಗ ಎರಡು ಕ್ಯಾನು ನೀರು, ಒಂದು ಕವಲುಗೋಲು ಜೊತೆಗಿರಲಿ. ಬೆಂಕಿ ಹೊರೆಯೊಳಗೆ ಇಳಿದಿದ್ದರೆ ಗಾಡಿಯನ್ನು ವೇಗವಾಗಿ ಓಡಿಸಬೇಡಿ. ಓಡಿದಷ್ಟೂ ಉರಿಗೆ ಗಾಳಿ ಸಿಗುತ್ತದೆ.

ಹೊಲದ ಮೇಲೆ ಹಾಯುವ 11 ಕಿಲೋವೋಲ್ಟ್‌ವರೆಗಿನ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಮೇಲಿರಬೇಕೆಂಬುದು ನಿಯಮ. ಜೋತುಬಿದ್ದ ತಂತಿ ಇನ್ನೂ ಕೆಳಗಿರಬಹುದು. ಹೊರೆ ತಂತಿಗೆ ತಗಲಿದರೆ ಅಗ್ನಿನಂದಕದ ಯೋಚನೆಯೇ ಬೇಡ. ಬೆಂಕಿ ಇಲ್ಲದಿದ್ದರೆ ಒಳಗೇ ಕುಳಿತು 1912ಕ್ಕೆ ಕರೆ ಮಾಡಿ, ವಿದ್ಯುತ್ ಕಡಿಯುವವರೆಗೆ ಕಾಯಿರಿ. ಬೆಂಕಿ ಹತ್ತಿದ್ದರೆ ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ, ಎರಡು ಕಾಲು ಜೋಡಿಸಿ ಹೊರಕ್ಕೆ ಜಿಗಿದು, ಹಾಗೆಯೇ ಕುಪ್ಪಳಿಸುತ್ತ ದೂರ ಸರಿಯಬೇಕು.

ತಿಂಗಳಿಗೊಮ್ಮೆ ನೋಡಿ

ಗಾಡಿಯ ಅದುರಿಗೆ ಪುಡಿ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ತಿಂಗಳಿಗೊಮ್ಮೆ ಸಿಲಿಂಡರನ್ನು ಹೊರತೆಗೆದು ಮೇಲೆ ಕೆಳಗೆ ನಿಧಾನವಾಗಿ ತಿರುಗಿಸಿ ಪುಡಿ ಸಡಿಲ ಮಾಡಿ. ಮುಳ್ಳು ಹಸಿರಿನಲ್ಲಿದೆಯೇ, ಮೂತಿಯಲ್ಲಿ ಹುಳು ಗೂಡು ಕಟ್ಟಿದೆಯೇ, ಹಿಡಿಕೆಯ ನಟ್ಟು ಸಡಿಲವಾಗಿದೆಯೇ ನೋಡಿ. ಒಂದು ಸಲ ಅದುಮಿದರೂ ಮತ್ತೆ ತುಂಬಿಸಲೇಬೇಕು. ಕವಾಟದಲ್ಲಿ ಪುಡಿ ಸಿಕ್ಕಿ ಅನಿಲ ಸೋರಿಹೋಗುತ್ತದೆ. ಬಳಸಿದ ಪುಡಿಯನ್ನು ಎಂಜಿನ್ನಿನ ಮೇಲೆ ಉಳಿಸಬೇಡಿ. ತೇವ ತಾಗಿದರೆ ಲೋಹವನ್ನು ತಿನ್ನುತ್ತದೆ.

ಆಯುಧ ಪೂಜೆಯಂದು ಗಾಡಿ ತೊಳೆದು ಹೂವು ಮುಡಿಸುತ್ತೇವೆ. ಅಂದು ಈ ಕೆಂಪು ಡಬ್ಬಿಯ ದಿನಾಂಕವನ್ನೂ ಒಮ್ಮೆ ಓದಿ, ಅವಧಿ ಮುಗಿದಿದ್ದರೆ ಪೇಟೆಗೆ ಒಯ್ದು ತುಂಬಿಸಿಕೊಂಡು ಬನ್ನಿ. ಸುಗ್ಗಿಯ ಮೊದಲ ಹೊರೆ ಏರುವ ಮುನ್ನ ಅದು ತನ್ನ ಜಾಗದಲ್ಲಿರಲಿ.